ನಿಷ್ಕಾರಣ ಕೋಪ

ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯದವರೆಗೆ ಬರುವ, ‘ಪರ್ವತ ಪ್ರಸಂಗ’ ಎಂದು ಹೆಸರಾದ ಯೇಸುವಿನ ಉಪದೇಶದಲ್ಲಿ ಕಠಿಣವಾದುದು ಯಾವುದೆಂದು ಕೇಳಿದರೆ, ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನೂ ಒಡ್ಡಬೇಕೆಂಬ ವಿಧಿಯನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಕೆನ್ನೆಗೆ ಹೊಡೆಯುವವರು ನಿತ್ಯಜೀವನದಲ್ಲಿ ಸುಲಭಕ್ಕೆ ದೊರೆಯುವುದಿಲ್ಲವಾದ್ದರಿಂದ ಬಹುಪಾಲು ಭಕ್ತರು ಆ ಪರೀಕ್ಷೆಗೆ ಕೂರದೆಯೇ ಆಯುಷ್ಯ ಕಳೆಯುತ್ತಾರೆ. ನಿಜವಾದ ತೊಡಕು ಅದಕ್ಕಿಂತ ಸ್ವಲ್ಪ ಮೊದಲು, 5ನೆಯ ಅಧ್ಯಾಯದ 22ನೆಯ ವಚನದಲ್ಲಿದೆ. ಕೊಲೆ ಮಾಡಬಾರದೆಂಬ ಹಳೆಯ ಆಜ್ಞೆ ಹೆಚ್ಚಿನವರಿಗೆ ಅಷ್ಟೇನೂ ಭಾರವಲ್ಲ. ಸಹೋದರನ ಮೇಲೆ ಸಿಟ್ಟಾದವನೂ ವಿಚಾರಣೆಗೆ ಗುರಿಯಾಗುವನೆಂದು ಇಲ್ಲಿ ಹೇಳಿರುವುದರಿಂದ, ಅಣ್ಣನು ಕಾಯಿಸಿಟ್ಟ ಬಿಸಿನೀರನ್ನು ತಮ್ಮನು ಸುರಿದುಕೊಂಡು ಮುಗಿಸಿದ ಮನೆಯಲ್ಲಿ ಬೆಳಗಿನ ಕಾಫಿಗೆ ಮುನ್ನವೇ ಆರೋಪಿಯೊಬ್ಬನು ಸಿದ್ಧನಾಗಿರುತ್ತಾನೆ.

ಈ ಸಂಕಟದಲ್ಲಿ ನೆರವಿಗೆ ಬಂದವರು ಲಿಪಿಕಾರರು, ಅಂದರೆ ಅಚ್ಚಿನ ಯಂತ್ರಕ್ಕೂ ಹಿಂದೆ ಗ್ರಂಥಗಳನ್ನು ಕೈಯಿಂದ ನಕಲು ಮಾಡುತ್ತಿದ್ದವರು, ಎಂದು ಪಾಠಸಂಶೋಧಕರಲ್ಲಿ ಹಲವರು ಊಹಿಸುತ್ತಾರೆ. 4ನೆಯ ಶತಮಾನದ ‘ವ್ಯಾಟಿಕನಸ್’ ಹಸ್ತಪ್ರತಿಯಲ್ಲಿ ಕೋಪಕ್ಕೆ ಯಾವ ರಿಯಾಯಿತಿಯೂ ಇಲ್ಲ. ಬೇರೆ ಅನೇಕ ಪ್ರತಿಗಳಲ್ಲಿ ಮಾತ್ರ ‘ನಿಷ್ಕಾರಣವಾಗಿ’ ಎಂಬರ್ಥದ ಒಂದೇ ಒಂದು ಗ್ರೀಕ್ ಪದ ಸೇರಿಕೊಂಡು, ಕಾರಣವಿಲ್ಲದೆ ಸಿಟ್ಟಾದವನಿಗಷ್ಟೇ ವಿಚಾರಣೆ ಎಂದಾಗಿದೆ. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮನು ಆ ಪದವನ್ನು ಅಳಿಸಿಬಿಡಬೇಕೆಂದು ತನ್ನ ವ್ಯಾಖ್ಯಾನದಲ್ಲಿ ಪಟ್ಟುಹಿಡಿದನು; ಆತನೇ ಮಹಾ ಮುಂಗೋಪಿಯೆಂದು ಹೆಸರಾದವನಾದುದರಿಂದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. 1611ರ ಇಂಗ್ಲಿಷ್ ಅನುವಾದದಲ್ಲಿ ಉಳಿದುಕೊಂಡಿದ್ದ ಪದವನ್ನು 1881ರ ಪರಿಷ್ಕರಣದಲ್ಲಿ ಅಂಚಿನ ಟಿಪ್ಪಣಿಗೆ ತಳ್ಳಲಾಯಿತು. ನಡುವಿನ 270 ವರ್ಷಗಳಲ್ಲಿ ಆ ಅನುವಾದವನ್ನು ಓದಿದವರಲ್ಲಿ ಕಾರಣವಿಲ್ಲದೆ ಕೋಪಿಸಿಕೊಂಡವನು ಒಬ್ಬನಾದರೂ ಇದ್ದನೆಂದು ನಂಬುವುದು ಕಷ್ಟ, ಏಕೆಂದರೆ ನಿಷ್ಕಾರಣ ಕೋಪವೆಂಬುದು ಯಾವಾಗಲೂ ಎದುರಿಗಿರುವವನದೇ ಆಗಿರುತ್ತದೆ.

ಐಶ್ವರ್ಯವಂತನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭವೆಂಬ ಮಾತಿಗೂ ಇದೇ ಬಗೆಯ ಉಪಚಾರ ನಡೆದಿದೆ. ಗ್ರೀಕಿನಲ್ಲಿ ಒಂಟೆಗೂ ಹಡಗಿನ ಹಗ್ಗಕ್ಕೂ ಇರುವ ಪದಗಳು ಒಂದೇ ಅಕ್ಷರದಲ್ಲಿ ಬೇರೆಯಾಗುವುದರಿಂದ ಕೆಲವರು ಒಂಟೆಯನ್ನು ಹಗ್ಗವಾಗಿಸಿದರು. ಇನ್ನು ಕೆಲವರು ಜೆರುಸಲೇಮಿನಲ್ಲಿ ‘ಸೂಜಿಯ ಕಣ್ಣು’ ಎಂಬ ಕಿರುಬಾಗಿಲಿತ್ತೆಂದೂ, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ಅದರಲ್ಲಿ ದಾಟುತ್ತಿತ್ತೆಂದೂ ಹೇಳಿದರು. ಆ ಬಾಗಿಲಿಗೆ ಪುರಾವೆ ಇಲ್ಲ, ಆದರೂ ಉಪನ್ಯಾಸಗಳಲ್ಲಿ ಅದು ಇಂದಿಗೂ ತೆರೆದೇ ಇದೆ. ಇವರೆಲ್ಲರಿಗಿಂತ ಜಾಣನು ಅಲೆಕ್ಸಾಂಡ್ರಿಯದ ಕ್ಲೆಮೆಂಟ್; ಸಿರಿವಂತರು ತುಂಬಿದ್ದ ಆ ವ್ಯಾಪಾರದ ಪಟ್ಟಣದಲ್ಲಿ, ರಕ್ಷಣೆ ಹೊಂದುವ ಧನಿಕನು ಯಾರೆಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಗ್ರಂಥ ಬರೆದು, ತ್ಯಜಿಸಬೇಕಾದುದು ಹಣವನ್ನಲ್ಲ, ಹಣದ ಮೋಹವನ್ನು ಎಂದು ವಿವರಿಸಿದನು. ವಿವರಣೆ ಉದಾತ್ತವೇ ಹೌದು. ಮೋಹವನ್ನು ತ್ಯಜಿಸಿದ್ದು ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲವೆಂಬ ಅನುಕೂಲವೂ ಅದರಲ್ಲಿದೆ.

ಮತ್ತೆ ಕೋಪದ ವಿಷಯಕ್ಕೆ ಬಂದರೆ, ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯವು ತುಸು ಮೆತ್ತಗಾಗಿ, ಸೂರ್ಯ ಮುಳುಗುವುದರೊಳಗೆ ಸಿಟ್ಟನ್ನು ಬಿಡಬೇಕೆಂದು ಗಡುವು ಕೊಡುತ್ತದೆ. ಮಂಗಳೂರಿನ ಕ್ರೈಸ್ತ ದಂಪತಿಗಳಿಗೆ ಇದು ಪ್ರತಿಕೂಲವೇನಲ್ಲ. ಅಲ್ಲಿ ವರ್ಷವಿಡೀ ಸಂಜೆ ಆರು-ಏಳರ ಸುಮಾರಿಗೆ ಸೂರ್ಯ ಕಡಲಿಗಿಳಿಯುವುದರಿಂದ, ರಾತ್ರಿಯ ಊಟದಲ್ಲಿ ಮೀನುಸಾರಿನ ಉಪ್ಪಿನ ಬಗ್ಗೆ ಹುಟ್ಟಿದ ಜಗಳಕ್ಕೆ ಮರುದಿನದ ಸಂಜೆಯವರೆಗೆ ಕಾಲಾವಕಾಶ ಇದ್ದೇ ಇರುತ್ತದೆ. ಆದರೆ ನಾರ್ವೆಯ ಉತ್ತರದಲ್ಲಿರುವ ಟ್ರೊಮ್ಸೊ ಪಟ್ಟಣದಲ್ಲಿ ಮೇ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ, ಅಲ್ಲಿನ ಭಕ್ತನು ನೆರೆಯವನ ಮೇಲಿನ ಮುನಿಸನ್ನು ವಚನಕ್ಕೆ ಭಂಗ ಬಾರದಂತೆ ಎರಡು ತಿಂಗಳು ಸಾಕಿಕೊಳ್ಳಬಹುದು. ಚಳಿಗಾಲದಲ್ಲಿ ಸೂರ್ಯ ವಾರಗಟ್ಟಲೆ ಹುಟ್ಟುವುದೇ ಇಲ್ಲ. ಆಗ ಬಂದ ಸಿಟ್ಟಿಗೆ ಗಡುವು ಮೀರಿಹೋಗಿದೆಯೋ, ಇನ್ನೂ ಆರಂಭವೇ ಆಗಿಲ್ಲವೋ ಎಂಬುದನ್ನು ತೀರ್ಮಾನಿಸುವ ಹೊಣೆ ಅಲ್ಲಿಯ ಪಾದ್ರಿಗಳದು.