ಭಾವೂಗೆ ಜೀವಬೆದರಿಕೆ ಬೇಕಾಗಿದೆ

ಸಿಂಹಗಡ ರಸ್ತೆಯ ಮಂಗಲ ಕಾರ್ಯಾಲಯವೊಂದರಲ್ಲಿ ಮದುವೆ ಊಟ. ಎದುರಿನ ಪಂಕ್ತಿಯಲ್ಲಿ ನಮ್ಮ ವಾರ್ಡಿನ ಮಾಜಿ ನಗರಸೇವಕರು. ಹೆಸರು ಬೇಡ, ಭಾವೂ ಅಂದರೆ ಸಾಕು. ಪುಣೆಯಲ್ಲಿ ಫ್ಲೆಕ್ಸಿಗೊಬ್ಬ ಭಾವೂ ಇದ್ದಾನೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಹೊರಗೆ ನಿಂತದ್ದು ಬಿಳಿ ಫಾರ್ಚ್ಯೂನರ್. ಕರ್ರಗಿದ್ದದ್ದು ಸೊಂಟದ ಪಿಸ್ತೂಲು ಒಂದೇ. ಕೂತರೆ ಅದು ಪಕ್ಕೆಗೆ ಒತ್ತುತ್ತದೆ, ಹಾಗಾಗಿ ಭಾವೂ ಮೂಲವ್ಯಾಧಿಯವರ ಹಾಗೆ ಒಂದು ಕಡೆ ವಾಲಿಕೊಂಡೇ ಉಣ್ಣುತ್ತಾರೆ. ಮಸಾಲೆಭಾತ್ ಮುಗಿಯುವಷ್ಟರಲ್ಲಿ ತಡೆಯಲಾರದೆ, ಚರ್ಮದ ಚೀಲದ ಸಮೇತ ಬಿಚ್ಚಿ ಮಠ್ಠಾ ಲೋಟದ ಪಕ್ಕ ಇಟ್ಟರು. ಬಡಿಸಲು ಬಂದ ಅಜ್ಜಿ ಬಗ್ಗಿ ನೋಡಿ, “ಅರೇ ಬಾಳಾ, ತೇ ಜರಾ ಬಾಜೂಲಾ ಠೇವ್, ಪುರಣಪೋಳಿ ವಾಢಾಯಚೀ ಆಹೇ” ಎಂದಳು. ಹೋಳಿಗೆಗೆ ಜಾಗ ಬೇಕಿತ್ತು. ಭಾವೂ ತೆಪ್ಪಗೆ ಸರಿಸಿದರು.

ಮರಾಠಿ ಪೋಲಿ ಮಾತಿನಲ್ಲಿ ಪಿಸ್ತೂಲಿಗೆ ಘೋಡಾ ಎನ್ನುತ್ತಾರೆ. ಕನ್ನಡದಲ್ಲೂ ಬೆರಳು ಒತ್ತುವ ಕೀಲಿಗೆ ಕುದುರೆಯೇ. ಹಿಂದಿನ ಸರದಾರರು ಕುದುರೆ ಏರಿ ಬರುತ್ತಿದ್ದರು, ಈಗಿನವರು ಕುದುರೆಯನ್ನೇ ಸೊಂಟದ ಮೇಲೆ ಹೊತ್ತು ತರುತ್ತಾರೆ. ಇದು ದೊಡ್ಡವರ ಸಂಗತಿ. ಪೇಠೆಯ ಹುಡುಗರಿಗೆ ಕೋಯ್ತಾ ಇದೆ. ಪತ್ರಿಕೆಯಲ್ಲಿ ‘ಕೋಯ್ತಾ ಗ್ಯಾಂಗ್’ ಎಂದು ಮೊದಲ ಸಲ ಓದಿದಾಗ ಕನ್ನಡಿಗನಾದ ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ, ಕೊಯ್ಯುವ ಕತ್ತಿಯೇ ಅದು. ಕೋಯ್ತಾಕ್ಕೆ ಮೆರವಣಿಗೆ ಮಾಡಿಸಿ ಜೈಲು, ಘೋಡಾಕ್ಕೆ ಲೈಸೆನ್ಸು.

ಆ ಲೈಸೆನ್ಸಿನ ಮೂಲ 1959ರ ಶಸ್ತ್ರಾಸ್ತ್ರ ಕಾಯ್ದೆ. 2019ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕು ಎಂದಿದ್ದದ್ದನ್ನು ಎರಡಕ್ಕೆ ಇಳಿಸಿ, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಒಂದು ಕೈಯಲ್ಲಿ ಕಿತ್ತು ಇನ್ನೊಂದರಲ್ಲಿ ಕೊಟ್ಟರು. ಪುಣೆಯಲ್ಲಿ ಅರ್ಜಿ ಹೋಗುವುದು ಪೊಲೀಸ್ ಆಯುಕ್ತರಿಗೆ. ಆತ್ಮರಕ್ಷಣೆಗೆ ಬೇಕೆಂದರೆ ಜೀವಕ್ಕೆ ಅಪಾಯವಿದೆ ಎಂದು ತೋರಿಸಬೇಕು. ಭಾವೂಗೆ ತೊಡಕಾದದ್ದು ಇಲ್ಲೇ. ಅವರನ್ನು ಕೊಲ್ಲುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಐದು ವರ್ಷ ನಗರಸೇವಕನಾಗಿ ಒಬ್ಬ ನೆಟ್ಟನೆಯ ಶತ್ರುವನ್ನೂ ಸಂಪಾದಿಸಲಿಲ್ಲ ಎಂದರೆ ಜನ ಏನಂದಾರು? ಕಡೆಗೆ ಪಕ್ಕದ ವಾರ್ಡಿನ ದಾದಾ ನೆರವಿಗೆ ಬಂದರು. ದಾದಾಗೆ ಭಾವೂನಿಂದ ಬೆದರಿಕೆ, ಭಾವೂಗೆ ದಾದಾನಿಂದ ಬೆದರಿಕೆ. ಸಹಕಾರ ಚಳವಳಿಗೆ ಮಹಾರಾಷ್ಟ್ರ ಹೆಸರಾದದ್ದು ಸುಮ್ಮನೆ ಅಲ್ಲ.

ಆಯುಕ್ತರು ಒಲ್ಲೆ ಎಂದರೂ ಬಾಗಿಲು ಮುಚ್ಚುವುದಿಲ್ಲ, ಮೇಲ್ಮನವಿ ಇದೆ. 2025ರಲ್ಲಿ ಕೋಥರೂಡಿನ ಕುಖ್ಯಾತ ಗೂಂಡಾ ಒಬ್ಬನ ಸೋದರನ ಅರ್ಜಿಯನ್ನು ಪುಣೆ ಪೊಲೀಸರು ತಳ್ಳಿಹಾಕಿದ್ದರು. ಗೃಹ ಖಾತೆಯ ರಾಜ್ಯ ಸಚಿವ ಯೋಗೇಶ್ ಕದಮ್ ಅದನ್ನೇ ಮಂಜೂರು ಮಾಡಿದ್ದರು ಎಂಬುದು ಅಕ್ಟೋಬರಿನಲ್ಲಿ ಹೊರಬಿತ್ತು. ಅರ್ಜಿದಾರ ಕೇಸುಗಳಿಂದ ಖುಲಾಸೆಯಾಗಿದ್ದ, ತಪ್ಪೇನಿಲ್ಲ ಎಂದರು ಸಚಿವರು. ಆಯುಕ್ತರು ಲೈಸೆನ್ಸು ಕೊಟ್ಟೇ ಇಲ್ಲವಲ್ಲ ಎಂದರು ಮುಖ್ಯಮಂತ್ರಿಗಳು. ಸಚಿವರು ಕೊಟ್ಟದ್ದನ್ನು ಪೊಲೀಸರು ಕೊಡಲಿಲ್ಲ ಎಂಬುದೇ ಸರ್ಕಾರದ ಸಮರ್ಥನೆಯಾದ ಅಪರೂಪದ ಪ್ರಸಂಗ.

ಅಮೆರಿಕದ ನಾಯಕರಿಗೆ ಈ ಫಜೀತಿ ಇಲ್ಲ. ಅಲ್ಲಿ ಬಂದೂಕು ಹಿಡಿಯುವುದು ಸಂವಿಧಾನದ ಹಕ್ಕು, ಬೆದರಿಕೆ ಹುಡುಕಿಕೊಂಡು ಅಲೆಯಬೇಕಿಲ್ಲ. ಮಿಷಿಗನ್ನಿನ ಶಾಲೆಯೊಂದರಲ್ಲಿ ಗುಂಡಿಗೆ ನಾಲ್ವರು ಮಕ್ಕಳು ಸತ್ತ ವಾರದಲ್ಲೇ, 2021ರ ಡಿಸೆಂಬರಿನಲ್ಲಿ, ಸಂಸದ ಥಾಮಸ್ ಮಾಸಿ ಹೆಂಡತಿ ಮಕ್ಕಳ ಕೈಗೆಲ್ಲ ಬಂದೂಕು ಕೊಟ್ಟು ತೆಗೆಸಿದ ಕ್ರಿಸ್‌ಮಸ್ ಫೋಟೋ ಹಾಕಿದರು. 2024ರ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ತಮ್ಮ ಬಳಿ ಗ್ಲಾಕ್ ಪಿಸ್ತೂಲಿದೆ ಎಂದು ಟೀವಿಯಲ್ಲಿ ಹೇಳಿಕೊಂಡರು. ನಮ್ಮವರು ಗುಡಿಸಲಲ್ಲಿ ಊಟ ಮಾಡಿದ ಫೋಟೋ ಹಾಕುತ್ತಾರಲ್ಲ, ಅಂಥದೇ: ನಾನೂ ನಿಮ್ಮವಳೇ ಕಣ್ರಪ್ಪಾ. 2006ರಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ಟೆಕ್ಸಾಸಿನಲ್ಲಿ ಲಾವಕ್ಕಿಗೆ ಹೊಡೆದದ್ದು ಜೊತೆಗಿದ್ದ 78ರ ವಕೀಲ ಹ್ಯಾರಿ ವಿಟಿಂಗ್ಟನ್ ಅವರ ಮುಖಕ್ಕೆ ಬಿತ್ತು. ಆಸ್ಪತ್ರೆಯಿಂದ ಹೊರಬಂದ ಮುದುಕ, ಚೇನಿ ಮನೆಯವರು ಅನುಭವಿಸಿದ ಕಷ್ಟಕ್ಕೆ ವಿಷಾದಿಸಿದರು! ಏಟು ತಿಂದವನೇ ತಪ್ಪಾಯ್ತು ಅನ್ನುವ ಸಂಸ್ಕಾರ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ.

ಹ್ಯಾರಿಸ್ ಗ್ಲಾಕು ‘ನಿಮ್ಮವಳೇ’ ಎಂದರೆ ಭಾವೂ ಪಿಸ್ತೂಲು ಹೇಳುವುದು ತಿರುಗುಮುರುಗು: ನಾನು ನಿಮ್ಮವನಲ್ಲ, ನನ್ನನ್ನು ಕೊಲ್ಲಲೂ ಜನ ಇದ್ದಾರೆ, ನಿಮಗ್ಯಾರಿದ್ದಾರೆ? ಇದು ಅಪಾಯವಲ್ಲ, ಪದವಿ. ದೊಡ್ಡ ನಾಯಕರ ಚುನಾವಣಾ ಪ್ರಮಾಣಪತ್ರ ತೆಗೆದು ನೋಡಿ. 2022ರಲ್ಲಿ ಯೋಗಿ ಆದಿತ್ಯನಾಥರು ಕಿವಿಯ ಕುಂಡಲ, ರುದ್ರಾಕ್ಷಿ ಸರದ ಜೊತೆಗೆ ಒಂದು ಲಕ್ಷದ ರಿವಾಲ್ವರನ್ನೂ 80,000 ರೂಪಾಯಿಯ ರೈಫಲನ್ನೂ ಬರೆಸಿದ್ದರು. ನಮ್ಮ ಏಕನಾಥ ಶಿಂದೆಯವರ ಪಟ್ಟಿಯಲ್ಲಿ ಪಿಸ್ತೂಲೂ ಇದೆ, ರಿವಾಲ್ವರೂ ಇದೆ. ಸುತ್ತ ಕಾವಲಿಗೆ ಇಡೀ ಪೊಲೀಸ್ ಪಡೆ ಇರುವವರಿಗೇ ಎರಡೆರಡು.

ಬೆದರಿಕೆ ಇದ್ದರೆ ಠಾಣೆಗೆ ಹೋಗಬಾರದೇ ಎನ್ನುವಿರಿ. ಉಲ್ಲಾಸನಗರದಲ್ಲಿ ಹೋಗಿದ್ದರು. 2024ರ ಫೆಬ್ರವರಿ 2ರಂದು ಹಿಲ್ ಲೈನ್ ಠಾಣೆಯಲ್ಲಿ, ಇನ್‌ಸ್ಪೆಕ್ಟರರ ಕೊಠಡಿಯಲ್ಲೇ, ಬಿಜೆಪಿ ಶಾಸಕ ಗಣಪತ್ ಗಾಯಕವಾಡ್ ಮಿತ್ರಪಕ್ಷದ ಮಹೇಶ್ ಗಾಯಕವಾಡ್ ಮೇಲೆ ಗುಂಡು ಹಾರಿಸಿದರು. ಸಿಸಿಟಿವಿ ಎಲ್ಲವನ್ನೂ ನೋಡಿತು. ಮಹೇಶ್ ಬದುಕಿದರು, ಶಾಸಕರು ಜೈಲಿಗೆ ಹೋದರು. ಅದೇ ನವೆಂಬರಿನಲ್ಲಿ ಅದೇ ಕ್ಷೇತ್ರ ಶಾಸಕರ ಪತ್ನಿಯನ್ನು ಗೆಲ್ಲಿಸಿ ಕಳಿಸಿತು.

ನನ್ನ ಕೊಡಗಿನ ಗೆಳೆಯ, ನಿವೃತ್ತ ಫೌಜಿ, ಭಾವೂನನ್ನು ಕಂಡರೆ ನಗುತ್ತಾನೆ. ಜಮ್ಮಾ ಹಿಡುವಳಿಯ ಅವರ ಮನೆಗೆ ಲೈಸೆನ್ಸಿನ ಕಾಟವೇ ಇಲ್ಲ, ರಿಯಾಯಿತಿ ಬ್ರಿಟಿಷರ ಕಾಲದ್ದು. ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ಹೋದರೆ ಎರಡು, ಕೈಲ್ ಪೊಳ್ದ್ ಹಬ್ಬದ ದಿನ ತೋಕಿಗೆ, ಅಂದರೆ ಬಂದೂಕಿಗೆ, ಹೂ ಮುಡಿಸಿ ಪೂಜೆ. “ಮದುವೆ ಊಟಕ್ಕೆ ಕಟ್ಟಿಕೊಂಡು ಹೋದರೆ ನಮ್ಮಜ್ಜಿ ಬಯ್ಯುತ್ತಿದ್ದಳು ಮಾರಾಯ, ಹಂದಿ ಎಲ್ಲಿ ಬಂತು ಅಂತ” ಎನ್ನುತ್ತಾನೆ.

2022ರ ಮಾರ್ಚಿನಲ್ಲಿ ಪುಣೆ ಪಾಲಿಕೆಯ ಅವಧಿ ಮುಗಿದ ಮೇಲೆ ನಾಲ್ಕು ವರ್ಷದ ಹತ್ತಿರ ಚುನಾವಣೆಯೇ ಆಗಲಿಲ್ಲ. ಭಾವೂ ಒಂದೇ ಫ್ಲೆಕ್ಸಿನಲ್ಲಿ ‘ಮಾಜಿ’ಯೂ ಆಗಿ ‘ಭಾವಿ’ಯೂ ಆಗಿ ನೇತಾಡಿದರು. ಕಡೆಗೂ 2026ರ ಜನವರಿ 15ಕ್ಕೆ ಮತದಾನ ನಿಗದಿಯಾಯಿತು. ನೀತಿಸಂಹಿತೆ ಬಂದಾಗ ಪೊಲೀಸರು ಕೇಳಿದರೆ ಲೈಸೆನ್ಸಿನ ಬಂದೂಕನ್ನು ಠಾಣೆಯಲ್ಲಿಟ್ಟು ರಸೀದಿ ಪಡೆಯಬೇಕು. ಊರು ಸುತ್ತಿ ಓಟು ಕೇಳುವಾಗ, ಜನರ ನಡುವೆ ನುಗ್ಗುವಾಗ, ಹಗೆಯವನು ಎದುರೇ ನಿಂತಿರುವಾಗ, ಆ ಜೀವಬೆದರಿಕೆ ಎಲ್ಲಿ ಹೋಗುತ್ತದೋ.

ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ ಭಾವೂ ಕೈಮುಗಿದು ನಮ್ಮ ಮನೆಗೂ ಬಂದರು. ಕೂರುವಾಗ ಬಲಗೈ ಅಭ್ಯಾಸಬಲದಿಂದ ಸೊಂಟ ತಡವಿತು, ಏನೂ ಸಿಗಲಿಲ್ಲ. ನನ್ನ ಹೆಂಡತಿ ಉಪ್ಪಿಟ್ಟು ತಂದಿಟ್ಟಳು. ಮೊದಲ ಸಲ ನೆಟ್ಟಗೆ ಕೂತು ತಿಂದರು, ಇನ್ನೊಂದು ಸೌಟು ಹಾಕಿಸಿಕೊಂಡರು.