ಡಿಪ್‌ಸ್ಟಿಕ್ ಕಿತ್ತುಹಾಕಿದ ಇಂಜಿನಿಯರ್ ಸಾಹೇಬರಿಗೆ

ಮಾನ್ಯರೇ,

ಉಭಯ ಕುಶಲೋಪರಿ ಸಾಂಪ್ರತ. ಇತ್ತ ಕಲಬುರಗಿಯಲ್ಲಿ ನಾನೂ ಮನೆಯವರೂ ಕ್ಷೇಮ. ಪೋರ್ಟಿಕೋದಲ್ಲಿ ನಿಂತಿರುವ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕ್ಷೇಮವೋ ಅಲ್ಲವೋ ಬರೆಯಲಾರೆ. ಎಣ್ಣೆಗೆ ಇಳಿಸಿ ಅದನ್ನು ತಿಳಿಯುವ ಡಿಪ್‌ಸ್ಟಿಕ್ ಕಡ್ಡಿಯನ್ನು ತಾವು ಮೊದಲೇ ಕಿತ್ತುಹಾಕಿದ್ದೀರಿ.

ತಾವು ಬರುವುದಕ್ಕೆ ಮುಂಚಿನ ಎಷ್ಟೋ ಗಾಡಿಗಳಲ್ಲಿ ಎಂಥ ಅನಾಗರಿಕ ವ್ಯವಸ್ಥೆ ಇತ್ತು ನೋಡಿ. ಇಂಜಿನ್ ಚಾಲೂ ಇಟ್ಟು, ಲಿವರನ್ನು ‘ಪಿ’ಗೆ ತಂದು, ಬಾನೆಟ್ ಎತ್ತಿ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರೆ ಮುಗಿಯಿತು. ಎಣ್ಣೆ ಕೆಂಪಗಿದ್ದರೆ ನಿಶ್ಚಿಂತೆ. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಒಳಗೆ ಕ್ಲಚ್ ಪ್ಲೇಟುಗಳಿಗೆ ಕಷ್ಟಕಾಲ. ಮಬ್ಬುಗುಲಾಬಿಗೆ ತಿರುಗಿದ್ದರೆ ರೇಡಿಯೇಟರಿನ ನೀರು ಬಂದು ಸೇರಿದೆ ಎಂದು ಅರ್ಥ. ಇದನ್ನೆಲ್ಲ ಯಾರು ಬೇಕಾದರೂ, ಲುಂಗಿ ಉಟ್ಟುಕೊಂಡೇ, ನಯಾಪೈಸೆ ಖರ್ಚಿಲ್ಲದೆ ನೋಡಬಹುದಿತ್ತು. ಮಾಲೀಕನಿಗೆ ತನ್ನ ಗಾಡಿಯ ಒಳಗುಟ್ಟು ಇಷ್ಟು ಅಗ್ಗವಾಗಿ ಸಿಗುವುದು ತಮ್ಮ ಮನಸ್ಸಿಗೆ ಸರಿ ಕಾಣಲಿಲ್ಲ. ಕಡ್ಡಿ ಹೋಯಿತು, ಅದು ಇಳಿಯುತ್ತಿದ್ದ ಕೊಳವೆಯೂ ಹೋಯಿತು, ‘ಸೀಲ್ಡ್’ ಎಂಬ ಬಿರುದು ಬಂತು.

ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗ ಬಲು ಮರ್ಯಾದಸ್ಥ. ‘ಅದು ಲೈಫ್‌ಟೈಮ್ ಆಯಿಲ್ ಅದರೀ ಸರ್, ಚೇಂಜ್ ಮಾಡೂದು ಇರಂಗಿಲ್ಲ’ ಅಂದ. ವಾರಂಟಿ ಮುಗಿದ ಮೇಲೆ ಏನಾದರೂ ಆದರೆ? ‘ಆವಾಗ ನೋಡೂಣ್ರಿ.’

ನೋಡಲು ಕಡ್ಡಿಯೇ ಇಲ್ಲವಲ್ಲ ತಮ್ಮಾ ಎನ್ನಬೇಕೆನಿಸಿತು. ಪಾಪ, ಅವನದೇನು ತಪ್ಪು.

ಜರ್ಮನಿಯ ಜೆಡ್‌ಎಫ್ ಕಂಪನಿ ತಮಗೆ ಗೊತ್ತೇ ಇರುತ್ತದೆ. ಜೆಪ್ಪೆಲಿನ್ ವಾಯುನೌಕೆಗಳಿಗೆ ಗೇರ್ ಮಾಡಿಕೊಡಲೆಂದು 1915ರಲ್ಲಿ ಹುಟ್ಟಿ, ಇಂದು ಎಷ್ಟೋ ದುಬಾರಿ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒದಗಿಸುವ ಮನೆತನ. ತನ್ನ ಗೇರ್‌ಬಾಕ್ಸಿನ ಎಣ್ಣೆಯನ್ನು ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರ್ ನಡುವೆ, ಬಹಳವೆಂದರೆ 8 ವರ್ಷಕ್ಕೆ, ಬದಲಿಸಿ ಎಂದು ಅದೇ ಹೇಳುತ್ತದೆ. ಮಾಡಿದವನಿಗೇ ಗೊತ್ತಿಲ್ಲದ ಅಮರತ್ವ, ಆ ಗೇರ್‌ಬಾಕ್ಸ್ ಕೊಂಡು ಕಾರಿಗೆ ಕೂರಿಸಿದವರಿಗೆ ಗೊತ್ತಾಗಿದೆ! ಇನ್ನು ಅನೇಕ ಕಾರುಗಳ ಮ್ಯಾನ್ಯುಯಲ್‌ಗಳ ಹಿಂದಿನ ಪುಟಗಳಲ್ಲಿ ಎಣ್ಣೆಯನ್ನು ಇನ್ನೂ ಬೇಗ ಬದಲಿಸಬೇಕಾದ ‘ಕಠಿಣ ಬಳಕೆ’ಯ ಇನ್ನೊಂದು ಪಟ್ಟಿ ಇರುತ್ತದೆ: ಸುಡುಬಿಸಿಲು, ಧೂಳು, ನಿಂತು ನಿಂತು ಸಾಗುವ ಟ್ರಾಫಿಕ್. ಯಾರೋ ನಮ್ಮ ಜಗತ್ ಸರ್ಕಲ್‌ನಲ್ಲಿ ಸಂಜೆ ಆರಕ್ಕೆ ನಿಂತು ಬರೆದುಕೊಂಡು ಹೋದ ಹಾಗಿದೆ. ಈ ಪಟ್ಟಿಯ ಪ್ರಕಾರ ಭಾರತದಲ್ಲಿ ಸಾಧಾರಣ ಬಳಕೆಯ ಕಾರು ಎಂದರೆ ಶೋರೂಮಿನ ಗಾಜಿನೊಳಗೆ ನಿಂತಿರುವುದೊಂದೇ.

ಹಾಗಾಗಿ ಎಣ್ಣೆ ಬದಲಿಸುವ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡೆ. ತಾವು ಇಟ್ಟ ಪರೀಕ್ಷೆಗಳ ಸೊಗಸು ಆಗಲೇ ತಿಳಿದದ್ದು. ಮೊದಲು ಎಣ್ಣೆ ತುಂಬುವ ಬೋಲ್ಟ್ ಬಿಚ್ಚಬೇಕು, ಆಮೇಲೆ ಸುರಿಸುವ ಬೋಲ್ಟ್. ಈ ಕ್ರಮ ತಪ್ಪಿ, ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ, ಒಂದು ಹನಿಯನ್ನೂ ಒಳಗೆ ಹಾಕಲಾಗದ ಗಾಡಿ ಅಂಗಳದಲ್ಲಿ ಉಳಿಯುತ್ತದೆ. ಅಳತೆ ನೋಡುವಾಗ ಗಾಡಿ ನಾಲ್ಕೂ ಕಡೆ ಎತ್ತರದಲ್ಲಿ, ಆದರೆ ಸಮತಟ್ಟಾಗಿ ಇರಬೇಕು. ನಮ್ಮ ಪೋರ್ಟಿಕೋಗೆ ಶಹಾಬಾದ್ ಕಲ್ಲು ಹಾಸಿದ ಗವಂಡಿ, ಮಳೆನೀರು ನಿಲ್ಲಬಾರದೆಂದು ರಸ್ತೆಯ ಕಡೆ ಒಳ್ಳೆಯ ಇಳಿಜಾರು ಕೊಟ್ಟಿದ್ದಾನೆ. ಅವನದೇ ಲೆವೆಲ್ ಪಟ್ಟಿ ಇಸಿದುಕೊಂಡು, ಗುಳ್ಳೆ ನಡುವಿಗೆ ಬರುವ ತನಕ ಜ್ಯಾಕ್ ಸ್ಟ್ಯಾಂಡುಗಳನ್ನು ಒಂದೊಂದೇ ಹಲ್ಲು ಏರಿಸಿ ಇಳಿಸಬೇಕಾಯಿತು.

ಇಷ್ಟಾದ ಮೇಲೆ ತಮ್ಮ ಮೇರುಕೃತಿ: ಉಷ್ಣತೆ. ಎಣ್ಣೆ ಕಾದಂತೆ ಹಿಗ್ಗುತ್ತದೆ. ಆದ್ದರಿಂದ ಇಂಜಿನ್ ಓಡುತ್ತಿರುವಾಗ, ನಿಗದಿತ ಬಿಸಿಯಲ್ಲಿ, ಕೆಳಗಿನ ಅಳತೆಯ ರಂಧ್ರದಿಂದ ಹೆಚ್ಚಿನದು ಸುರಿದು ಧಾರೆ ಸಣ್ಣಗಾಗಿ ತೊಟ್ಟಿಕ್ಕುವ ಹೊತ್ತಿಗೆ ಬೋಲ್ಟ್ ಹಾಕಬೇಕು. ಅಳತೆ ಕಡಿಮೆಯಾದರೆ ಪಂಪು ಗಾಳಿ ಹೀರಿ ಒತ್ತಡ ಬಿದ್ದು ಕ್ಲಚ್ ಜಾರುತ್ತದೆ; ಹೆಚ್ಚಾದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಟೊಯೋಟಾದ ಹಲವು ಗೇರ್‌ಬಾಕ್ಸ್‌ಗಳಿಗೆ 35ರಿಂದ 45 ಡಿಗ್ರಿ, ಜೆಡ್‌ಎಫ್‌ಗೆ 30ರಿಂದ 50. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 42 ಮಾಮೂಲು. ಕೀ ತಿರುಗಿಸುವ ಮೊದಲೇ ಎಣ್ಣೆ ಮಿತಿಯ ಅಂಚಿಗೆ ಬಂದು ಕೂತಿರುತ್ತದೆ. ಈ ಭಾಗದಲ್ಲಿ ಗೇರ್‌ಬಾಕ್ಸ್ ಕೆಲಸಕ್ಕೆ ಬ್ರಾಹ್ಮೀ ಮುಹೂರ್ತವೇ ಗಟ್ಟಿ.

ಬಿಸಿ ಎಷ್ಟಿದೆ ಎಂದು ತಿಳಿಯುವುದಕ್ಕೂ ಟೊಯೋಟಾದ ಕೆಲವು ಗಾಡಿಗಳಲ್ಲಿ ಒಂದು ವಿಧಿ ಇದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿನಲ್ಲಿ 4 ಮತ್ತು 13ನೇ ಪಿನ್ನುಗಳಿಗೆ ತಂತಿ ಜೋಡಿಸಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ‘ಎನ್’ ಮತ್ತು ‘ಡಿ’ ನಡುವೆ ಕೆಲವು ಸೆಕೆಂಡು ಬೇಗಬೇಗ ಆಡಿಸಬೇಕು. ಆಗ ಮೀಟರಿನ ‘ಡಿ’ ದೀಪ ಪ್ರಸನ್ನವಾಗುತ್ತದೆ: ಆರಿದ್ದರೆ ಎಣ್ಣೆ ತಣ್ಣಗಿದೆ, ಉರಿದರೆ ಹದವಾಗಿದೆ, ಮಿಣುಕಿದರೆ ಮಿತಿ ಮೀರಿದೆ. ಮಡಿಯುಟ್ಟು ಮಾಡಬೇಕೆಂದು ಮಾತ್ರ ಎಲ್ಲೂ ಬರೆದಿಲ್ಲ. ಒಂದು ಉಕ್ಕಿನ ಕಡ್ಡಿಯ ಖರ್ಚು ಉಳಿಸಲು ಇಷ್ಟು ಬುದ್ಧಿ ಖರ್ಚು ಮಾಡಿದ್ದೀರಲ್ಲ, ಅದಕ್ಕೆ ನನ್ನ ನಮಸ್ಕಾರ.

ಒಂದು ಸಲ ಸುರಿಸಿದರೆ ಎಣ್ಣೆಯೆಲ್ಲ ಬರುವುದೂ ಇಲ್ಲ. ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲಿ ದೊಡ್ಡ ಪಾಲು ಉಳಿದೇ ಇರುತ್ತದೆ. ಪ್ರತಿ ಸಲ ಹತ್ತರಲ್ಲಿ ನಾಲ್ಕು ಪಾಲು ಬದಲಾದರೆ, ಮೂರು ಸಲ ಮಾಡಿದ ಮೇಲೂ ಐದರಲ್ಲೊಂದು ಪಾಲು ಹಳೆಯದೇ. ಸಂಪುಟ ಪುನರ್ರಚನೆಯ ಹಾಗೆ, ಹಳೇ ಮುಖಗಳು ಪೂರ್ತಿ ಹೋದವು ಎನ್ನುವಂತಿಲ್ಲ.

ತಮ್ಮ ಪರವಾದ ಮಾತನ್ನೂ ಹೇಳಬೇಕು. ಕಡ್ಡಿ ಇದ್ದ ಕಾಲದಲ್ಲಿ ನಮ್ಮ ಜನ ಕೈಗೆ ಸಿಕ್ಕ ಎಣ್ಣೆ ಸುರಿದದ್ದುಂಟು. ನಮ್ಮ ದೇಶದಲ್ಲಂತೂ ಎಡಗಾಲಿಗೆ ಪೆಡಲ್ ಇಲ್ಲದ ಗಾಡಿಯೆಲ್ಲ ಆಟೋಮ್ಯಾಟಿಕ್ಕೇ, ಒಳಗಿನ ಬಗೆಯೂ ಎಣ್ಣೆಯೂ ಬೇರೆ ಬೇರೆಯಾದರೂ. 2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಗೇರಿನ ಬದಲು ಬೆಲ್ಟಿನಿಂದ ಓಡುವ ಸಿವಿಟಿಗೆ ಅದರದೇ ಎಣ್ಣೆ ಬೇಕು, ಬೇರೆಯದು ಹಾಕಿದರೆ ಬೆಲ್ಟಿಗೆ ಆಪತ್ತು. ಈಗಿನ ಸಿಂಥೆಟಿಕ್ ಎಣ್ಣೆ ಹಿಂದಿನದಕ್ಕಿಂತ ಬಹಳ ಬಾಳುತ್ತದೆ ಎನ್ನುವುದೂ ನಿಜ. ಆದರೆ ಜನ ತಪ್ಪು ಎಣ್ಣೆ ಹಾಕುತ್ತಾರೆಂದರೆ ಸರಿಯಾದ ಎಣ್ಣೆಯ ಹೆಸರನ್ನು ಮುಚ್ಚಳದ ಮೇಲೆ ಕೊರೆಯಬೇಕಿತ್ತು. ತಾವು ಮುಚ್ಚಳವನ್ನೇ ಬಚ್ಚಿಟ್ಟಿರಿ.

ದಿಲ್ಲಿಯಲ್ಲಿ ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ ಹೀಗೆ ಬಚ್ಚಿಟ್ಟದ್ದನ್ನು ಕೊಂಡವನೇ ಬಿಚ್ಚಿ ಸರಿಮಾಡಿಕೊಳ್ಳುವ ‘ರಿಪೇರಿಯ ಹಕ್ಕಿ’ನ ಬಗ್ಗೆ 2022ರ ಜುಲೈಯಲ್ಲಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನದಂದು ಪೋರ್ಟಲ್ ಒಂದನ್ನೂ ತೆರೆಯಿತು. ಸಮಿತಿ ಗಮನ ಹರಿಸಿದ ಕ್ಷೇತ್ರಗಳಲ್ಲಿ ವಾಹನವೂ ಒಂದು. ಇತ್ತ ನಾನು ಸುರಿಸಿದ ಹಳೇ ಎಣ್ಣೆಯ ಗತಿಗೂ ಕಾನೂನಿದೆ: 2016ರ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದ ಮರುಬಳಕೆದಾರರಿಗೇ ಹೋಗಬೇಕು. ನಮ್ಮ ಓಣಿಯಲ್ಲಿ ಕಟ್ಟಡ ಕೆಲಸದವರು ಗೇಟಿನ ಹೊರಗೆ ಕಾದು ನಿಂತಿದ್ದರು, ‘ಸಾಹೇಬ್ರ, ಹಳೀ ಆಯಿಲ್ ಕೊಡ್ರಿ, ಸೆಂಟ್ರಿಂಗ್ ಹಲಗಿಗೆ ಹಚ್ಚತೀವಿ’ ಎಂದು. ಕೊಡಲಿಲ್ಲ. ಕ್ಯಾನಿನಲ್ಲಿ ತುಂಬಿಟ್ಟಿದ್ದೇನೆ. ಅದು ಕಾಫಿ ಡಿಕಾಕ್ಷನ್ನಿಗಿಂತ ಕಪ್ಪಗಿದೆ. ತಮ್ಮ ವಿಳಾಸ ಕೊಟ್ಟರೆ ಒಂದು ಸೀಸೆ ಕಳಿಸುತ್ತೇನೆ, ಇನ್ನೂ ಎಷ್ಟು ಆಯುಸ್ಸು ಬಾಕಿ ಇದೆ ಎಂದು ಪರೀಕ್ಷೆ ಮಾಡಿಸಿ.

ಕಡ್ಡಿ ವಾಪಸ್ ಕೊಡಿ ಎಂದು ಕೇಳುವಷ್ಟು ಆಸೆಬುರುಕ ನಾನಲ್ಲ. ಮುಂದಿನ ಮ್ಯಾನ್ಯುಯಲ್‌ನಲ್ಲಿ, ಮಕ್ಕಳ ಸೀಟಿಗೆ, ಬ್ಲೂಟೂತ್ ಜೋಡಣೆಗೆ ಮೀಸಲಿಟ್ಟ ಪುಟಗಳ ನಡುವೆ ನಾಲ್ಕು ಸಾಲು ಜಾಗ ಮಾಡಿ: ಯಾವ ಎಣ್ಣೆ, ಎಷ್ಟು ಲೀಟರ್, ಯಾವ ಬಿಸಿಯಲ್ಲಿ ಅಳತೆ, ಬೋಲ್ಟ್ ಎಷ್ಟು ಬಿಗಿ. ಕನ್ನಡದಲ್ಲಿ ಅಚ್ಚು ಹಾಕಿಸುವುದಾದರೆ ಕರಡು ತಿದ್ದಿಕೊಡುತ್ತೇನೆ, ಸಂಭಾವನೆ ಬೇಡ.

ಇತಿ ತಮ್ಮ ವಿಧೇಯ,
ಆಟೋಮ್ಯಾಟಿಕ್ ಕಾರಿನ ಮಾಲೀಕ, ಕಲಬುರಗಿ