ಒಂದ್ ಸುತ್ತು ಟೈಟ್ ಮಾಡ್ರಿ

ನಮ್ಮೂರು ಸವಳಂಗದಲ್ಲಿ ಕಾರಿನ ಬಾನೆಟ್ ಎತ್ತುವುದೆಂದರೆ ಗ್ರಾಮಸಭೆ ಕರೆದ ಹಾಗೆ. ನೋಟಿಸ್ ಬೇಡ, ಡಂಗುರ ಬೇಡ. ಶಿಕಾರಿಪುರದ ಬಸ್ಸು ತಪ್ಪಿಸಿಕೊಂಡವರು, ಶಿವಮೊಗ್ಗದ ಬಸ್ಸಿಗೆ ಕಾಯುವವರು, ಮೆಕ್ಕೆಜೋಳದ ರೇಟು ವಿಚಾರಿಸಲು ಬಂದವರು ಎಲ್ಲರೂ ಬಂದು ಮಡ್‌ಗಾರ್ಡಿನ ಮೇಲೆ ಒಂದು ಕೈ ಊರಿ ನಿಂತುಬಿಡುತ್ತಾರೆ. ಕೋರಂ ತುಂಬಿದ ಮೇಲೆ ಠರಾವು ಆಗಲೇಬೇಕಲ್ಲ!

ನಮ್ಮದು ಅಪ್ಪನ ಕಾಲದ ಅಂಬಾಸಿಡರ್. 1489 ಸಿಸಿಯ ಪೆಟ್ರೋಲ್ ಎಂಜಿನ್. ಉತ್ತರಪಾರಾದ ಕಾರ್ಖಾನೆಯಲ್ಲಿ ಇದರ ತಯಾರಿಕೆ 2014ರಲ್ಲೇ ನಿಂತುಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಸೇವೆಯಲ್ಲಿದೆ. ಮಳೆಗಾಲವಿಡೀ ಅಡಿಕೆ ಶೆಡ್ಡಿನಲ್ಲಿ ಮಲಗಿದ್ದು, ದಸರಾ ಹೊತ್ತಿಗೆ ಎದ್ದು ಅಂಗಳಕ್ಕೆ ಬಂತು. ಬಂದದ್ದೇ ತಡ, ಹೆಂಡತಿ ರಂಗೋಲಿ ಹಾಕುವ ಜಾಗದಲ್ಲೇ ಎಣ್ಣೆ ಬಿಡಲು ಶುರುಮಾಡಿತು. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದಲ್ಲಿ ವರ್ಷವಿಡೀ ನೀರು ಹರಿಯುತ್ತದೆ, ಅದಕ್ಕೆ ಕೈಮುಗಿದು ಬರುತ್ತೇವೆ. ಅದೇ ಸೌಭಾಗ್ಯ ಮನೆಯಂಗಳದಲ್ಲಿ ಒದಗಿದರೆ ಯಾರೂ ಕೈಮುಗಿಯುವುದಿಲ್ಲ. "ಇದನ್ನ ಸರಿ ಮಾಡಿಸ್ತೀರೋ, ಗುಜರಿಗೆ ಹಾಕ್ತೀರೋ?" ಎಂದು ನನಗೆ ಎರಡೇ ಆಯ್ಕೆ ಬಂತು.

ಸರ್ಕಲ್ಲಿನಲ್ಲಿ ಬಾನೆಟ್ ಎತ್ತಿದೆ. ನಿವೃತ್ತ ಮೇಷ್ಟ್ರೊಬ್ಬರು ಬಗ್ಗಿ ನೋಡಿ, "ಛೇಂಬರ್ ಪ್ಯಾಕಿಂಗ್ ಹೋಗೈತಿ" ಎಂದರು. ಟ್ರ್ಯಾಕ್ಟರ್ ಡ್ರೈವರ್ ಬಗ್ಗದೆಯೇ, "ಕ್ರ್ಯಾಂಕ್ ಸೀಲ್. ಎಂಜಿನ್ ಕೆಳಗಿಳಿಸ್ಬೇಕು" ಎಂದ. ಅಡಿಕೆ ತೋಟ ಚೇಣಿ ಹಿಡಿಯುವ ಯಜಮಾನರು ಕವಳ ಉಗಿದು ಬಂದು ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಆರೋಪ ಹೊರಿಸಿದರು. ಮೂವರಲ್ಲಿ ಒಬ್ಬರ ಮಾತು ಒಬ್ಬರಿಗೆ ಹಿಡಿಸಲಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಸರ್ವಾನುಮತ: "ಮೊದ್ಲು ಒಂದ್ ಸುತ್ತು ಟೈಟ್ ಮಾಡ್ರಿ."

ನಮ್ಮ ಮೇಸ್ತ್ರಿಗೆ ಮೈ ಉರಿಯುವುದು ಈ ಮಾತಿಗೇ. ಎಂಜಿನ್ನಿನಡಿಯ ಎಣ್ಣೆ ತೊಟ್ಟಿಯಾದ ಛೇಂಬರ್, ಮೇಲಿನ ಟ್ಯಾಪೆಟ್ ಕವರ್ ಎರಡೂ ತೆಳು ತಗಡು. ಅವುಗಳ ಅಂಚಿಗೆ ಇರುವುದು ಕಾರ್ಕ್ ಪ್ಯಾಕಿಂಗ್. ಮಿತಿ ಮೀರಿ ಬಿಗಿದರೆ ಕಾರ್ಕ್ ಪಕ್ಕಕ್ಕೆ ಜಾರಿ ಸೀಳುತ್ತದೆ. ಬೋಲ್ಟಿನ ಹತ್ತಿರ ತಗಡು ತಗ್ಗಾಗಿ, ಎರಡು ಬೋಲ್ಟಿನ ನಡುವೆ ಬಾಯಿ ಬಿಡುತ್ತದೆ. ಆಗ ತೊಟ್ಟಿಕ್ಕುತ್ತಿದ್ದದ್ದು ಧಾರೆಯಾಗುತ್ತದೆ. ಆ ಹೊತ್ತಿಗೆ ಸಲಹೆ ಕೊಟ್ಟವರು ಬಸ್ಸು ಹತ್ತಿರುತ್ತಾರೆ.

ಮೇಸ್ತ್ರಿ ಒಂದು ನಟ್ಟನ್ನೂ ಮುಟ್ಟಲಿಲ್ಲ. ಸೀಮೆಎಣ್ಣೆ ಹಾಕಿ ಎಂಜಿನ್ನಿಗೆ ಅಭ್ಯಂಜನ ಮಾಡಿಸಿ, ಒಣಗಿಸಿ ಒರೆಸಿ, "ಮನ್ಯಾಗೆ ಪೌಡರ್ ಡಬ್ಬಿ ಐತೇನ್ರಿ?" ಎಂದ. ಹೆಂಡತಿಯ ಹೊಸ ಡಬ್ಬಿ ಬಂತು, ಅರ್ಧ ಖಾಲಿಯಾಯಿತು. ಮದುವೆಯಲ್ಲಿ ನನಗೂ ಅಷ್ಟು ಪೌಡರ್ ಬಳಿದಿರಲಿಲ್ಲ. ಹಾಗೇ ಗಮಗಮಿಸುತ್ತ ನ್ಯಾಮತಿ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಂದೆವು. ಎಣ್ಣೆ ಹುಟ್ಟುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಹೊರಬಿದ್ದ ಎಣ್ಣೆ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ನೆಲದ ಕಲೆ ನೋಡಿ ತೀರ್ಪು ಕೊಡುವಂತಿಲ್ಲ. ಪೌಡರಿನಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದದ್ದು ಎಲ್ಲಿ ಎಂದು ಹುಡುಕಬೇಕು.

ಹೆಡ್ ಗ್ಯಾಸ್ಕೆಟ್ ಮೊದಲೇ ಖುಲಾಸೆಯಾಗಿತ್ತು. ಅದು ಹೊಡೆದಿದ್ದರೆ ಸಾಮಾನ್ಯವಾಗಿ ರೇಡಿಯೇಟರಿನಲ್ಲಿ ಗುಳ್ಳೆ ಏಳಬೇಕು, ಸೋರದೆಯೇ ನೀರು ಇಳಿಯಬೇಕು, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇರಬೇಕು, ಇಲ್ಲವೇ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಬೇಕು. ಒಂದೂ ಇರಲಿಲ್ಲ. ಪೌಡರ್ ಹೇಳಿದ ಸಾಕ್ಷಿಯೇ ಬೇರೆ: ಟ್ಯಾಪೆಟ್ ಕವರ್, ಸೈಡ್ ಕವರ್, ಟೈಮಿಂಗ್ ಕವರ್, ಹಿಂದಿನ ಕ್ರ್ಯಾಂಕ್ ತುದಿ, ಎಲ್ಲ ಕಡೆಯೂ ಅಷ್ಟಷ್ಟು ಒದ್ದೆ. ಮೇಸ್ತ್ರಿ ಬೀಡಿ ಹಚ್ಚಿ ಕೇಳಿದ: "ಎಲ್ಲಾ ಸೀಲೂ ಒಂದೇ ಸಲ ಹೋಗಾಕೆ ಅವೇನ್ ಸಂಘ ಕಟ್ಕಂಡಾವೇನ್ರಿ?"

ಎಂಜಿನ್ ಓಡುತ್ತಿದ್ದಾಗಲೇ ಎಣ್ಣೆ ಹಾಕುವ ಮುಚ್ಚಳ ತೆಗೆದ. ಬುಸ್ ಎಂದು ಗಾಳಿ ಹೊರನುಗ್ಗಿತು. ಪಿಸ್ಟನ್ ರಿಂಗುಗಳ ಸಂದಿಯಿಂದ ಎಷ್ಟೇ ಹೊಸ ಎಂಜಿನ್ನಿನಲ್ಲೂ ಸ್ವಲ್ಪ ಗ್ಯಾಸು ಛೇಂಬರಿಗೆ ಇಳಿಯುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಪೈಪು ಇರುವುದು. ಆ ದಾರಿ ಕಟ್ಟಿದರೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ಮೆತ್ತಗಿದೆಯೋ ಅಲ್ಲೆಲ್ಲ ಎಣ್ಣೆಯನ್ನು ಹೊರದಬ್ಬುತ್ತದೆ. ನಮ್ಮ ಕಾರಿನಲ್ಲಿ ಮೇಲಿನ ಪೈಪಿಗೆ ಮಡ್ಡಿ ಕಟ್ಟಿತ್ತು. ಕೆಳಗಿನದರ ಬಾಯಿಗೆ ತಂತಿ ಹಾಕಿ ಎಳೆದರೆ ಗಟ್ಟಿ ಕೆಮ್ಮಣ್ಣು ಉದುರಿತು. ಶೆಡ್ಡಿನಲ್ಲಿ ನಿಂತ ಕಾಲದಲ್ಲಿ ಕುಂಬಾರ ಹುಳು ಅಲ್ಲೊಂದು ಬಾಣಂತಿ ಕೋಣೆ ಕಟ್ಟಿಕೊಂಡಿತ್ತು. ಕಾರ್ಕ್ ಇಲ್ಲ, ಅನಾಬಾಂಡ್ ಅಂಟು ಇಲ್ಲ, ಟಾರ್ಕ್ ವ್ರೆಂಚ್ ಇಲ್ಲ. ಆದರೂ ಇಡೀ ಎಂಜಿನ್ನಿನಲ್ಲಿ ಸೋರದೆ ಉಳಿದ ಸೀಲ್ ಅದೊಂದೇ!

ಒತ್ತಡಕ್ಕೆ ಟೈಮಿಂಗ್ ಕವರಿನ ಕಾಗದದ ಪ್ಯಾಕಿಂಗ್ ಮೂಲೆಯಲ್ಲಿ ನಿಜವಾಗಿಯೂ ಹರಿದಿತ್ತು, ಹೊಸದು ಬೇಕಿತ್ತು. 1997ರಲ್ಲಿ ಹೊನ್ನಾಳಿ ತಾಲ್ಲೂಕಿನ ಜೊತೆ ನಮ್ಮೂರನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು, ಆಮೇಲೆ ನ್ಯಾಮತಿಯೇ ತಾಲ್ಲೂಕಾಯಿತು. ಸ್ಪೇರ್ ಪಾರ್ಟಿಗೆ ಮಾತ್ರ ನಾವು ಇಂದಿಗೂ ಶಿವಮೊಗ್ಗ ಜಿಲ್ಲೆಯವರೇ. ಅಲ್ಲೂ ಸಿಗಲಿಲ್ಲ. ಮೇಸ್ತ್ರಿ ಪ್ಯಾಕಿಂಗ್ ಶೀಟನ್ನು ಕವರಿನ ಮೇಲೆ ಹಾಸಿ, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿಯುತ್ತ ಹೋದ. ಲೋಹದ ಅಂಚೇ ಕತ್ತರಿಯಾಗಿ ಕಾಗದ ಅಳತೆಗೆ ಸರಿಯಾಗಿ ಕಡಿದು ಬಿತ್ತು. ಬೋಲ್ಟಿನ ತೂತಿನ ಮೇಲೆ ಬೇರಿಂಗಿನ ಗುಂಡಿಟ್ಟು ಒಂದೊಂದು ಏಟು. ದುಂಡನೆಯ ಕಿಂಡಿಗಳು ಸಿದ್ಧ. ಚೇಣಿ ಯಜಮಾನರು, "ಮೇಲೆ ಒಂದಿಷ್ಟು ಅನಾಬಾಂಡ್ ಬಳೀರಿ" ಎಂದರು. ಒಳಗೆ ಹಿಂಡಿದ ಹೆಚ್ಚುವರಿ ಅಂಟು ಕಳಚಿಬಿದ್ದು ಆಯಿಲ್ ಪಂಪಿನ ಜಾಲರಿಗೆ ಕಟ್ಟಿದರೆ ಎಂಜಿನ್ನೇ ಹೋಗುತ್ತದೆಂದು ತಿಳಿಸಿ, ಮೇಸ್ತ್ರಿ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿದ.

ಈಗ ಸೋರಿಕೆ ನಿಂತಿದೆ. ಪೂರ್ತಿ ಅಲ್ಲ, ರಾತ್ರಿ ನಿಂತಲ್ಲಿ ಒಂದು ತೊಟ್ಟು ಬೀಳುತ್ತದೆ. ಈ ಎಂಜಿನ್ನಿನ ಮೂಲ ಬ್ರಿಟನ್ನಿನ ಬಿಎಂಸಿ ಕಂಪನಿ. ಕ್ರ್ಯಾಂಕಿನ ಹಿಂದಿನ ತುದಿಗೆ ರಬ್ಬರ್ ಸೀಲನ್ನೇ ಇಟ್ಟಿಲ್ಲ. ಶಾಫ್ಟಿನ ಮೇಲೆ ಸ್ಕ್ರೂ ಗೆರೆ ಕೊರೆದಿದ್ದಾರೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಿರುಪುತ್ತದೆ, ನಿಂತಾಗ ಅದಕ್ಕೂ ವಿಶ್ರಾಂತಿ. ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಆಕೆ ಪೌಡರ್ ಡಬ್ಬಿಯ ಲೆಕ್ಕ ಕೇಳಿದಳು.

ನಿಮ್ಮ ಹಳೇ ಕಾರೂ ಎಲ್ಲೆಡೆ ಒಟ್ಟಿಗೇ ಬೆವರುತ್ತಿದ್ದರೆ, ಸೀಲುಗಳ ಪಟ್ಟಿ ಹಿಡಿದು ಶಿವಮೊಗ್ಗದ ಬಸ್ಸು ಹತ್ತುವ ಮುಂಚೆ ಬ್ರೀದರ್ ಪೈಪು ಬಿಚ್ಚಿ ಒಮ್ಮೆ ಊದಿ ನೋಡಿ. ಗಾಳಿ ಸರಾಗ ಹೋದರೆ ಮಾತ್ರ ಟಿಕೆಟ್ ತಗೊಳ್ಳಿ.